ಜಲ ಗುಂಪಿನಲ್ಲಿ ಕಾಣದ ಹೆಸರು

೨೦೦೪ರ ಫೆಬ್ರುವರಿ ೧೭, ಮಂಗಳವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ.

"ನನ್ನ ಹೆಸರು ಯಾಕ ತೆಗದ್ರಿ?"

ಸುಹಾಸಿನಿ ಕಂಪ್ಯೂಟರಿನ ಮುಂದಿನಿಂದ ಎದ್ದು ಕೇಳಿದಳು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಕೇದಾರ ಒಂದೇ ಕಾಲಲ್ಲಿ ನಿಂತುಬಿಟ್ಟ.

ಧಾರವಾಡದ ಅಂತರ್ಜಲದ ಲೆಕ್ಕ ಹಾಕುವ ಸಂಶೋಧನಾ ತಂಡದಲ್ಲಿ ಇಬ್ಬರೂ ಒಂದು ವರ್ಷದಿಂದ ಜೊತೆಗಿದ್ದರು. ತಂಡದ ಫೈಲುಗಳಿರುವ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಹೊಣೆ ಅವನದು.

ನಿನ್ನೆಯಷ್ಟೇ ಅವಳು ಹೇಳಿದ್ದಳು, "ನಾಳೆ ಸಂಜಿಕೆ ನನ್ನ ನೋಡ್ಲಿಕ್ಕೆ ಬರ್ಲಿಕತ್ತಾರ."

ಅವನು ಬೇಡ ಅನ್ನಲಿ, ಒಂದೇ ಒಂದು ಸಲ ಅನ್ನಲಿ ಎಂದು ಕಾದಿದ್ದಳು... "ಛಲೋ ಆತಲ್ರಿ," ಎಂದು ಅವನು ಪರದೆಯತ್ತ ತಿರುಗಿದ್ದ!

ಇವತ್ತು ಅವಳು ಸರ್ವರಿಗೆ getent group jala ಎಂಬ ಆದೇಶ ಕೊಟ್ಟಾಗ, ತಂಡದವರಿಗಾಗಿ ಅದರಲ್ಲಿ ಮಾಡಿದ್ದ 'ಜಲ' ಗುಂಪಿನ ಸದಸ್ಯರ ಸಾಲು ಬಂತು. ಋತುಜಾ, ಹನಮೇಶ, ಕೇದಾರ... ಅಷ್ಟೇ. ಹೋದ ವಾರವಿದ್ದ ಅವಳ ಹೆಸರು ಇಲ್ಲ.

'ಇಷ್ಟು ಲಗೂ ಅಳಿಸಿಬಿಟ್ಟನಾ?'

ಸಂಜೆ ಬರುವವರಿಗೆ ಹೂಂ ಅಂದುಬಿಡುವುದೆಂದು ಆ ಗಳಿಗೆಯಲ್ಲೇ ನಿಶ್ಚಯಿಸಿದ್ದಳು.

"ತೆಗದದ್ದು ಖರೆ," ಎಂದ ಕೇದಾರ. "ಆ ಸಾಲಿನಿಂದ..."

ಅವಳ ಕಣ್ಣು ತುಂಬಿತು.

ಲ್ಯಾಬಿನ ಅಟೆಂಡರ್ ಹುಸೇನಬಾಷಾ ಕಸಬರಿಗೆ ಮೂಲೆಗಿಟ್ಟ. "ಸಾಹೇಬ್ರ, ಅಕ್ಕಾರು ಅಳಾಕತ್ತಾರ. ಪೂರ್ತಿ ಹೇಳ್ರಿ! ನಿಮ್ಮ ಮಾತೂ ನಮ್ಮ ಪ್ರಿಂಟರ್ ಇದ್ದಂಗ, ಅರ್ಧಕ್ಕ ನಿಂತುಬಿಡ್ತದ." ಚಹಾ ತರುವ ನೆಪ ಹೇಳಿ ಹೊರಗೆ ಹೋದ.

ಕೇದಾರ id suhasini ಎಂದು ಟೈಪ್ ಮಾಡಿ, ಅವಳ ಗುಂಪಿನ ವಿವರ ಬಂದ ಪರದೆಯನ್ನು ಅವಳ ಕಡೆ ಹೊರಳಿಸಿದ.

"ನೋಡ್ರಿ, ನಿಮ್ಮ ಮೂಲ ಗುಂಪ ಮೊದಲ ಬ್ಯಾರೆ ಇತ್ತು, ಈಗ ಜಲ. ನೀವು ಮಾಡಿದ ಫೈಲ್ ನಮಗ್ಯಾರಿಗೂ ತೆರೀತಿದ್ದಿಲ್ಲ, ಅದಕ್ಕ ಬದಲಿ ಮಾಡಿದೆ. ಆ ಸಾಲಿನ್ಯಾಗ ಆಮ್ಯಾಲೆ ಬಂದು ಕೂಡಿದವರ ಹೆಸರಷ್ಟ ಕಾಣ್ತಾವ. ಮೂಲದವರದು ಕಾಣಂಗಿಲ್ಲ."

ಅವಳು ಎರಡು ಸಲ ಓದಿದಳು. ನಿಜವೇ. ತನ್ನ ಆತುರಕ್ಕೆ ನಾಚಿಕೆಯಾಯಿತು, ನಿನ್ನೆಯ ನೋವು ಮಾತ್ರ ಹಾಗೇ ಇತ್ತು.

"ಫೈಲಿನ ಮಾತು ಬಿಡ್ರಿ. ನಿನ್ನೆ ಛಲೋ ಆತು ಅಂದ್ರಲ್ಲಾ, ಅದಕ್ಕೇನಂತೀರಿ?"

ಕೇದಾರ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ.

"ಖಾಯಂ ನೌಕರಿ ಇಲ್ಲದಾಂವ ಯಾವ ಬಾಯಿಲೆ ಬ್ಯಾಡ ಅನ್ಲಿ? ನಿನ್ನೆ ರಾತ್ರಿ ಊಟಾನೂ ಸೇರಲಿಲ್ಲ, ಸುಹಾಸಿನಿ."

"ಈಗ ಅನ್ರಿ..."

"ಬ್ಯಾಡ. ಅವರ ಮುಂದ ಹೋಗಿ ಕೂಡಬ್ಯಾಡ ನೀ. ನಾ ಇದ್ದೀನಿ."

ಅವಳು ಗೋಡೆಯ ಗಡಿಯಾರ ನೋಡಿದಳು. ಮನೆಯಲ್ಲಿ ಅಪ್ಪ ಬರುವವರ ಬೈಠಕ್‌ಗೆ ಜಮಖಾನೆ ಹಾಸುತ್ತಿರಬಹುದು...

"ಅಪ್ಪಾ ಭಾಳ ಬೈತಾರ."

"ಬೈಸಿಕೋತೀನಿ. ನಡಿ, ಈಗ ಹೋಗಿ ಹೇಳೋಣು. ಆಟೋ ಹಿಡಿಲೇನು?"

"ಬ್ಯಾಡ, ನಡಕೋತ ಹೋಗೋಣ... ಅಷ್ಟೊತ್ತರೆ ನಿಮ್ಮ ಜೋಡಿ ಇರ್ತೀನಿ."

ಮಾಳಮಡ್ಡಿಯ ಅವಳ ಮನೆ ಅಲ್ಲಿಂದ ಎರಡು ಕಿಲೋಮೀಟರ್ ನಾಲ್ಕು ನೂರು ಮೀಟರ್.