ಓಬಳಯ್ಯನ ಕೈ

ಮಾರಕ್ಕನ ಬೆರಳುಗಳು ತಾವಾಗಿಯೇ ತಂತಿಯ ಸಿಪ್ಪೆ ಸುಲಿದವು. ಅವಳು ಅದುವರೆಗೆ ಇಕ್ಕಳವನ್ನೇ ಹಿಡಿಯದ ಹುಡುಗಿ. ಮೊಣಕೈವರೆಗೆ ತೊಟ್ಟ ಬೂದುಬಣ್ಣದ ಗವಸು ಸಣ್ಣಗೆ ಮಿಡಿಯುತ್ತಿತ್ತು.

"ನನ್ ಕೈಯಾಗೆ ಯಾರೋ ಕುಂತವ್ರೆ ಮೇಡಂ!"

ಡಾ. ಶಾಕಾಂಬರಿ ನಕ್ಕರು. ಕೈ ಆಡಿಸುವಾಗ ನಮ್ಮ ಸ್ನಾಯುಗಳಲ್ಲಿ ಅತಿ ಸಣ್ಣ ವಿದ್ಯುತ್ ಅಲೆಗಳು ಏಳುತ್ತವೆ. ನುರಿತವರ ಅಲೆಗಳನ್ನು ಹಿಡಿದಿಟ್ಟು ಕಲಿಯುವವರ ಸ್ನಾಯುಗಳಿಗೆ ಉಣಿಸುವ ಆ ಗವಸು ಅವರದೇ ಶೋಧ. ಚಳ್ಳಕೆರೆಯಾಚೆಯ ಬಯಲಿನಲ್ಲಿ ಕಣ್ಣು ಹರಿಯುವಷ್ಟು ದೂರ ಸೌರಫಲಕಗಳು ಹಬ್ಬಿದ್ದ ಕಾಲ, ಕೆಲಸವಿತ್ತು, ಬಲ್ಲವರಿರಲಿಲ್ಲ. ಶಾಕಾಂಬರಿಯವರ ಉಚಿತ ತರಬೇತಿ ಕೇಂದ್ರದಲ್ಲಿ ವರ್ಷಗಳ ವಿದ್ಯೆ ಒಂದೇ ಸಂಜೆಯಲ್ಲಿ ಕೈಗಿಳಿಯುತ್ತಿತ್ತು. ಮರುದಿನವೇ ವಿದ್ಯುತ್ ಕೇಂದ್ರದಲ್ಲಿ ಸಂಬಳದ ಇಂಟರ್ನ್‌ಶಿಪ್. ಅಪ್ಪನ ಗಾರೆ ಕೆಲಸ ನಿಂತ ಮೇಲೆ ಮಾರಕ್ಕನ ಮನೆ ಆ ಸಂಬಳವನ್ನೇ ನಂಬಿತ್ತು.

ಗವಸಿನೊಳಗಿದ್ದದ್ದು ಜೀವಮಾನವೆಲ್ಲ ವಿದ್ಯುತ್ ಕೆಲಸ ಮಾಡಿದ ಮುದುಕ ಓಬಳಯ್ಯನ ಕೈ. ಅದು ಇನ್ನೊಬ್ಬರಲ್ಲಿ ಆಡುವುದನ್ನು ನೋಡಲು ಮಾರಕ್ಕನ ಮೊದಲ ದಿನ ಅವನೇ ಶಾಕಾಂಬರಿಯವರ ಜೊತೆ ವಿದ್ಯುತ್ ಕೇಂದ್ರಕ್ಕೆ ಬಂದ.

"ಏನಜ್ಜ, ನಿನ್ ಕೈ ವಾಪಸ್ ಬೇಕಾ?"

"ನೀನೇ ಮಡಿಕ್ಕ ತಾಯಿ. ನಂಗೆ ಮುದ್ದೆ ಮುರಿಯಕ್ಕೆ ಒಂದಿದ್ರೆ ಸಾಕು."

ಅವಳು ಗವಸು ತೊಟ್ಟೇ ಕೆಪಾಸಿಟರ್ ಪೆಟ್ಟಿಗೆಯ ಸ್ವಿಚ್ ಆರಿಸಿದಳು. ಕೆಪಾಸಿಟರ್ ವಿದ್ಯುತ್ತು ತುಂಬಿದ ಹಂಡೆಯಂತೆ. ಸ್ವಿಚ್ ಆರಿದರೂ ಒಳಗಿನದು ಬಸಿದುಹೋಗಲು ಹೊತ್ತು ಬೇಕು. ಗವಸಿನ ಕೈ ಕಾಯಲಿಲ್ಲ. ನೇರವಾಗಿ ತಾಮ್ರದ ಪಟ್ಟಿಯತ್ತ ಚಾಚಿತು.

"ಮುಟ್‌ಬ್ಯಾಡ!" ಓಬಳಯ್ಯ ಚೀರಿದ.

ಮಾರಕ್ಕ ಕೈ ಹಿಂದಕ್ಕೆಳೆಯಲು ನೋಡಿದಳು. ಕೈ ಮುಂದಕ್ಕೇ ಹೋಯಿತು. ಮೈಯನ್ನೇ ಹಿಂದಕ್ಕೆ ಚೆಲ್ಲಿ ನೆಲಕ್ಕೆ ಬಿದ್ದಳು. ಶಾಕಾಂಬರಿ ಓಡಿಬಂದು ಗವಸು ಕಿತ್ತರು. ಭೂಮಿಗೆ ತಂತಿ ಕಟ್ಟಿದ ಉದ್ದನೆಯ ಕೋಲನ್ನು ಓಬಳಯ್ಯ ಪಟ್ಟಿಗೆ ತಾಗಿಸಿದ. ಗುಡುಗಿನಂತೆ ಸದ್ದಾಗಿ ನೀಲಿ ಕಿಡಿ ಹಾರಿತು.

"ನನ್ ಎಲೆಅಡಿಕೆ ಎಲ್ಲವ್ವ?" ಎಂದ ಅವನು, ಶಾಕಾಂಬರಿಯವರ ಕೈಯಲ್ಲಿದ್ದ ಗವಸು ತೋರಿಸಿ.

ಶಾಕಾಂಬರಿಯವರ ಮುಖ ಬಿಳಿಚಿತು. ಅಲೆಗಳನ್ನು ಹಿಡಿದಿಡುವಾಗ, ಸ್ವಿಚ್ ಆರಿಸಿದ ಮೇಲೆ ಓಬಳಯ್ಯನ ಕೈ ಎಲೆ ಒರೆಸಿ, ಸುಣ್ಣ ಸವರಿ, ಮಡಿಚುತ್ತಿತ್ತು. ಮೊದಲ ಪ್ರಯೋಗಗಳಲ್ಲಿ ಗವಸು ತೊಟ್ಟವರ ಕೈಗಳು ಇಲ್ಲದ ಎಲೆಗೆ ಸುಣ್ಣ ಹಚ್ಚಿದಾಗ ಎಲ್ಲರೂ ಬಿದ್ದುಬಿದ್ದು ನಕ್ಕಿದ್ದರು.

"ಅದು ಕೆಲಸವಲ್ಲ ಅಂತ ಕತ್ತರಿಸಿ ಹಾಕಿದೆ ಓಬಳಯ್ಯನವರೇ."

"ನಾನೂ ಅಲ್ಲ ಅಂತ್ಲೇ ತಿಳಿದಿದ್ದೆ ಕಣವ್ವ. ನಮ್ ಮೇಸ್ತ್ರಿ ಸ್ವಿಚ್ ಆರಿಸ್ದಾಗ್ಲೆಲ್ಲ ಎಲೆ ಕೊಟ್ಟು, 'ಹಾಕ್ಕಂಡು ಆಮೇಲೆ ಮುಟ್ಟು' ಅಂತಿದ್ದ. ಪ್ರೀತಿಗೆ ಅಂದ್ಕಂಡಿದ್ದೆ. ಬಸಿಯಾಕೆ ಹೊತ್ತು ಬೇಕಂತ ಗೊತ್ತಿತ್ತು, ಎಲೆ ಮಡಿಚೋದೇ ಆ ಹೊತ್ತು ಅಂತ ಈಗ ತಿಳೀತು." ಅವನು ತನ್ನ ಅಂಗೈಯನ್ನು ಬೇರೆಯವರದೆಂಬಂತೆ ತಿರುಗಿಸಿ ನೋಡಿಕೊಂಡ. ಮೂವರೂ ಆ ಮುದಿ ಕೈಯನ್ನು ಗರ್ಭಗುಡಿಯ ಮುಂದೆ ನಿಂತವರಂತೆ ನೋಡಿದರು. ಒಡೆಯನಿಗೂ ಹೇಳದೆ ಅದು ಅವನ ಪ್ರಾಣ ಕಾಯ್ದಿತ್ತು.

ಕತ್ತರಿಸಿದ್ದನ್ನೆಲ್ಲ ಶಾಕಾಂಬರಿ ಮರಳಿ ಸೇರಿಸಿದರು: ಅವನು ಬೆವರು ಒರೆಸಿದ್ದು, ಮುಗಿಲು ನೋಡುತ್ತ ಸುಮ್ಮನೆ ಕೂತದ್ದು. ಯಾವುದು ಕೆಲಸ, ಯಾವುದು ಅಲ್ಲ ಎಂದು ಹೇಳುವ ಧೈರ್ಯ ಅವರಿಗೆ ಉಳಿಯಲಿಲ್ಲ. ಒಂದು ಸಂಜೆಯ ತರಬೇತಿ ತಿಂಗಳುಗಟ್ಟಲೆ ಬೆಳೆಯಿತು.

"ಉಚಿತ ಅಂತೀರ ಮೇಡಂ," ಎಂದಳು ಮಾರಕ್ಕ. "ಅಷ್ಟು ದಿನ ನಾನಿಲ್ಲಿ ಕುಂತ್ರೆ ಮನೇಲಿ ಒಲೆ ಹತ್ತಿಸೋರ್ಯಾರು?"

ಕಲಿಯುವವರಿಗೆ ಊಟ, ಸಂಬಳ ಕೇಳಿಕೊಂಡು ಶಾಕಾಂಬರಿ ಕಚೇರಿಯಿಂದ ಕಚೇರಿಗೆ ಅಲೆದರು. ಆ ವರ್ಷ ತರಬೇತಿ ಕೇಂದ್ರದ ಪಕ್ಕದಲ್ಲಿ ಒಂದು ಅಡುಗೆಮನೆ ಎದ್ದಿತು. ಕಲಿಯುವ ತಿಂಗಳುಗಳಿಗೂ ಸಂಬಳ ಬಂತು. ಮಾರಕ್ಕ ಮೊದಲ ಪಂಕ್ತಿಯಲ್ಲಿ ಕೂತು ಉಂಡಳು.

ಉಚಿತ ತರಬೇತಿಯ ಬೋರ್ಡುಗಳು ನಮ್ಮ ಊರುಗಳಲ್ಲಿ ಇವತ್ತೂ ಇವೆ. ಓದಿ, ತುಸು ನಿಂತು, ಕೂಲಿಗೆ ನಡೆದುಬಿಡುವ ಮಕ್ಕಳೂ ಇದ್ದಾರೆ. ಅವರನ್ನು ಕರೆದು "ಉಂಡೆಯಾ ಮಗು?" ಎಂದು ಕೇಳುವುದಕ್ಕೆ ಅಂಥದೊಂದು ಗವಸು ಹುಟ್ಟುವವರೆಗೂ ಕಾಯಬೇಕೇ?