ನಲವತ್ತು ಚಮಚ ನೀರಿನ ನಕ್ಷತ್ರ

ಏಪ್ರಿಲ್ 28, ಶುಕ್ರವಾರ, ಬೆಳಿಗ್ಗೆ 9.40. ಕರಾಕೋಲ್ ಊರಾಚೆಯ ಠಾಣೆಗೆ ಸಾರಿ-ತೇರೆಕ್ ಹಳ್ಳಿಯಿಂದ ಒಬ್ಬ ಅಜ್ಜಿ ಬಂದರು. ಹೆಸರು ಸಾಯ್ರಾಕಾನ್, ವಯಸ್ಸು ಎಂಬತ್ತೊಂದು. ಕಂಕುಳಲ್ಲಿ ಒಂದು ತಾಮ್ರದ ಬಟ್ಟಲು.

"ಏನು ಕಳವಾಗಿದೆ ಅಪಾ?" ಇನ್ಸ್‌ಪೆಕ್ಟರ್ ಓರೋಜೊವ್ ಕೇಳಿದರು. ಹಿರಿಯ ಹೆಂಗಸರನ್ನು ಅಲ್ಲಿ ಕರೆಯುವುದೇ ಹಾಗೆ.

"ನನ್ನ ಗಂಡನ ಕೆಂಪು ತಾರೆ. ಯುದ್ಧದಲ್ಲಿ ಕೊಟ್ಟ ಪದಕ. ಹಳ್ಳಿ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೇಲಿತ್ತು."

"ಈಗ ಅಲ್ಲಿ ಇಲ್ವಾ?"

"ಇದೆ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. "ಇದ್ದರೆ ಕಳವು ಹೇಗಾಗುತ್ತೆ?"

"ಇರೋದು ನಮ್ಮದಲ್ಲ ಮಗಾ. ವಿಜಯದ ದಿನ ಹತ್ರ ಬಂತಲ್ಲ ಅಂತ ನಿನ್ನೆ ಪೆಟ್ಟಿಗೆ ತೆರೆಸಿ, ಹಲ್ಲುಪುಡಿ ಹಾಕಿ ಉಜ್ಜೋಕೆ ಕೈಗೆ ತಗೊಂಡೆ. ಪಕ್ಕದ ಮನೆಯವರ ಕೈ ಹಿಡಿದ ಹಾಗಾಯ್ತು."

ಓರೋಜೊವ್‌ಗೆ ಮೊದಲು ಅನುಮಾನ ಬಂದದ್ದು ಅಜ್ಜಿಯ ಮೇಲೆಯೇ. ವಯಸ್ಸಿನ ಮರೆವಿರಬಹುದು. ಇಲ್ಲವೇ ಮನೆಯವರೇ ಯಾರೋ ಪದಕ ಮಾರಿಕೊಂಡು ಈಗ ನಾಟಕ ಹೂಡಿರಬಹುದು. ಆದರೂ ಜೀಪು ತೆಗೆಸಿದರು. ಜೊತೆಗೆ ಅದೇ ಹಳ್ಳಿಯ ಕಾನ್ಸ್‌ಟೇಬಲ್ ಬೇಗಾಯಿಮ್ ಹೊರಟಳು.

ಮ್ಯೂಸಿಯಂ ಎಂದರೆ ಶಾಲೆಯ ಹಿಂಭಾಗದ ಎರಡು ಕೋಣೆ. 11.20ಕ್ಕೆ ಪಂಚನಾಮೆ ಆರಂಭವಾಯಿತು. ಗೋಡೆಯ ಮೇಲೆ ಚಕ್ರವರ್ತಿಗಳ ಕಾಲದ ಬೆರ್ದಾನ್ ಬಂದೂಕು ಒಂದು, ಅದರ ಗುಂಡು ಸಿಡಿಸುವ ಕುದುರೆ ತುಕ್ಕು ಹಿಡಿದಿದೆ. ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಉಣ್ಣೆಗಂಬಳಿಯ ಮೇಲೆ ಪದಕ ಹನ್ನೊಂದು, ಖಾಲ್ಖಿನ್-ಗೋಲ್ ಕಾಳಗದ ಬಿಲ್ಲೆ ಒಂದು, ಕೆಂಪು ತಾರೆ ಒಂದು. ಗಾಜು ಒಡೆದಿಲ್ಲ. ಬೀಗ ಮುರಿದಿಲ್ಲ. ಕೀಲಿಕೈ ಎರಡು: ಒಂದು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಅರಗು ಮುದ್ರೆಯೊಳಗೆ, ಇನ್ನೊಂದು ಮ್ಯೂಸಿಯಂ ನೋಡಿಕೊಳ್ಳುವ ಇಶೆನಾಲಿ ಮೇಷ್ಟ್ರ ಸೊಂಟದಲ್ಲಿ. ಮುದ್ರೆ ಒಡೆದಿರಲಿಲ್ಲ.

ಇಶೆನಾಲಿ ನಿವೃತ್ತ ಚರಿತ್ರೆ ಮೇಷ್ಟ್ರು, ಅರವತ್ತಮೂರು ವರ್ಷ. ಕೋಟಿನ ಇಸ್ತ್ರಿಯ ಗೆರೆ ದೂರದಿಂದಲೇ ಕಾಣುತ್ತಿತ್ತು.

"ಅಪಾ, ವಯಸ್ಸಾದ ಮೇಲೆ ಕೈಗೂ ಮರೆವು ಬರುತ್ತೆ," ಎಂದು ನಕ್ಕರು. "ಪ್ರತಿ ಕೆಂಪು ತಾರೆಗೂ ಬೆನ್ನಲ್ಲಿ ಸಂಖ್ಯೆ ಇರುತ್ತೆ ಇನ್ಸ್‌ಪೆಕ್ಟರೇ. ಇದರದ್ದು ಮೂರು ಲಕ್ಷದ ಹದಿನೆಂಟು ಸಾವಿರದ ಇನ್ನೂರ ಆರು. ರಿಜಿಸ್ಟರ್ ನೋಡಿ."

ಮೇಷ್ಟ್ರು ಸೊಂಟದ ಗೊಂಚಲಿನಿಂದ ತೆರೆದ ಕಬ್ಬಿಣದ ಬೀರುವಿನಿಂದ ರಿಜಿಸ್ಟರ್ ಬಂತು, ಗಂಡನ ಹೆಸರಿನ ಪದಕಪುಸ್ತಿಕೆಯೂ ಬಂತು. ತಾರೆಯ ತಿರುಪು ಬಿಚ್ಚಿ ಬೆನ್ನು ನೋಡಿದರು. 318206. ತಾಳೆಯಾಯಿತು. ಪುಸ್ತಕ ತೆರೆಯುವ ಮೊದಲೇ ಮೇಷ್ಟ್ರು ಸಂಖ್ಯೆ ಹೇಳಿದ್ದನ್ನು ಓರೋಜೊವ್ ಗಮನಿಸಿದರು. ಚರಿತ್ರೆ ಮೇಷ್ಟ್ರು, ಇಸವಿಗಳನ್ನು ಬಾಯಿಪಾಠ ಮಾಡಿದವರು, ಇರಬಹುದು ಎಂದುಕೊಂಡರು.

"ಮುಗೀತಾ ನಿಮ್ಮ ಲೆಕ್ಕ?" ಎಂದರು ಅಜ್ಜಿ. "ನನಗೆ ಓದು ಬರಲ್ಲ. ನನ್ನ ಲೆಕ್ಕ ಬೇರೆ."

ತಾಮ್ರದ ಬಟ್ಟಲನ್ನು ಮೇಜಿನ ಮೇಲಿಟ್ಟು ತಾರೆಯನ್ನು ಅದರೊಳಗೆ ಬಿಟ್ಟರು. 'ಟಕ್' ಎಂದಿತು, ಕೋಟಿನ ಗುಂಡಿ ಬಿದ್ದ ಹಾಗೆ. ಆಮೇಲೆ ತಮ್ಮ ಕೈಯ ಬೆಳ್ಳಿ ಬಳೆ ತೆಗೆದು ಬಿಟ್ಟರು. ಅದರ ದನಿ ಕೋಣೆಯನ್ನೆಲ್ಲ ಒಂದು ಸುತ್ತು ಸುತ್ತಿ, ಬಂದೂಕಿನ ನಳಿಕೆಯೊಳಗೆ ಹೊಕ್ಕು ಮಲಗಿದಂತೆ ನಿಧಾನಕ್ಕೆ ನಿಂತಿತು.

"ತಾರೆ ಬೆಳ್ಳೀದು, ಕೆಂಪು ಮೇಲಿನ ಬಣ್ಣ ಅಷ್ಟೇ. ಐವತ್ತು ವರ್ಷ ಈ ಬಟ್ಟಲಲ್ಲಿ ಬಿದ್ದಿದೆ. ಅದರ ದನಿ ನನ್ನ ಗಂಡನ ದನಿಗಿಂತ ಚೆನ್ನಾಗಿ ನೆನಪಿದೆ ನನಗೆ."

ಬೇಗಾಯಿಮ್ ಮೆಲ್ಲಗೆ ಹೇಳಿದಳು: "ನಮ್ಮೂರಲ್ಲಿ ಕೂಸಿಗೆ ನಲವತ್ತು ದಿನ ತುಂಬಿದಾಗ ನಲವತ್ತು ಚಮಚ ನೀರು ಹುಯ್ಯುವಾಗ, ನೀರಿಗೆ ಬೆಳ್ಳಿ ಹಾಕ್ತಾರಲ್ಲ ಸರ್, ಅಪಾನ ತಾರೇನೇ ಹಾಕ್ತಿದ್ರು. ನಾನೂ ಅದೇ ನೀರಲ್ಲಿ ಮಿಂದವಳು."

"ಈ ಕಾಲದಲ್ಲೂ ಅದೇ ಮೂಢನಂಬಿಕೆ," ಎಂದು ಮೇಷ್ಟ್ರು ಬೀರುವಿನ ಬಾಗಿಲು ಹಾಕಿದರು. ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು.

ಮಧ್ಯಾಹ್ನ 1.05ಕ್ಕೆ ಎಫ್‌ಐಆರ್ ದಾಖಲಾಯಿತು, ಪೆಟ್ಟಿಗೆಯ ತಾರೆ ಪೊಲೀಸರ ವಶಕ್ಕೆ ಬಂತು. ಅಜ್ಜಿಯನ್ನು ಮನೆಗೆ ಬಿಡುವಾಗ ಜೀಪಿನಲ್ಲಿ ಅವರ ಗೊಣಗಾಟ ನಿಲ್ಲಲಿಲ್ಲ.

"ಮೂರು ವರ್ಷದ ಹಿಂದೆ ಇದೇ ಮೇಷ್ಟ್ರು ಶಾಲೆ ಅಂಗಳದಲ್ಲಿ ಹೆಂಗಸರನ್ನೆಲ್ಲ ನಿಲ್ಲಿಸಿ, ಕೂಸು ಉಳಿಯೋದು ಡಾಕ್ಟರಿಂದ, ಪದಕದಿಂದಲ್ಲ, ಇದು ಚರಿತ್ರೆ, ಬಚ್ಚಲ ಸಾಮಾನಲ್ಲ ಅಂತ ಭಾಷಣ ಹೊಡೆದು ಇಸ್ಕೊಂಡ. ನಾನೂ ಹೂಂ ಅಂದೆ, ನನ್ನ ಬುದ್ಧಿಗಿಷ್ಟು. ಬರೋ ಬುಧವಾರ ಅವನ ಮಗಳ ಕೂಸಿಗೆ ನಲವತ್ತು. ಊರ ಮುದುಕಿಯರಿಗೆಲ್ಲ ಕರೆ ಹೋಗಿದೆ. ನನಗೊಬ್ಬಳಿಗೆ ಇಲ್ಲ. ನೋಡಿದ್ಯಾ?"

ಹಳ್ಳಿಯ ಮುನಿಸು ಎಂದುಕೊಂಡ ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಳ್ಳಲಿಲ್ಲ.

ಏಪ್ರಿಲ್ 30, ಭಾನುವಾರ, ಬೆಳಿಗ್ಗೆ 8.15. ಕರಾಕೋಲ್ ಸಂತೆಯಲ್ಲಿ ಕುರಿಗಳ ಸಾಲು ಮುಗಿದ ಕಡೆ ವಲೇರಿ ಕೊಪಿಲೊವ್ ಬಟ್ಟೆ ಹಾಸಿ ಕೂತಿದ್ದ. ಹಳೇ ಪದಕ, ಟೋಪಿ ಬಿಲ್ಲೆ, ಬಂದೂಕಿನ ತುದಿಯ ಬಾಕು ಕೊಳ್ಳುವವನು, ಮಾರುವವನು. ಮಾರ್ಚ್ ತಿಂಗಳಲ್ಲಿ ಮ್ಯೂಸಿಯಮ್ಮಿಗೆ ಹೋಗಿ ಪೆಟ್ಟಿಗೆಯ ಫೋಟೋ ತೆಗೆದವನು ಇವನೇ ಎಂದು ಸಂದರ್ಶಕರ ಪುಸ್ತಕ ಹೇಳುತ್ತಿತ್ತು. ಸಂಜೆ ಆರಕ್ಕೆ ಅಲ್ಮಾಟಿ ಬಸ್ಸು ಹಿಡಿಯುವವನಿದ್ದ. ಗಡಿ ದಾಟಿದರೆ ತಾರೆಯ ಆಸೆ ಬಿಟ್ಟ ಹಾಗೆ.

"ಇದು ಏನು?" ಓರೋಜೊವ್ ನಕಲಿ ತಾರೆಯನ್ನು ಮುಂದಿಟ್ಟರು.

ಕೊಪಿಲೊವ್ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡ. "ಎಲ್ರೂ ಮುಖ ನೋಡ್ತಾರೆ. ಪದಕದ ಬೆನ್ನು ನೋಡ್ಬೇಕು ಸಾಹೇಬ್ರೇ. ಅಸಲಿ ತಾರೇಲಿ ಸಂಖ್ಯೆ ಕೈಯಿಂದ ಕೊರೆದದ್ದು, ಗೆರೆ ಒಂದು ಕಡೆ ಆಳ, ಒಂದು ಕಡೆ ತೆಳು. ಇದು ಮೋಟಾರ್ ಸೂಜೀದು. ಚುಕ್ಕಿ ಚುಕ್ಕಿ. ಲೋಹ ಸೀಸ ಬೆರೆತದ್ದು, ಮೇಲೆ ಬೆಳ್ಳಿ ಬಣ್ಣ."

"ಯಾರ ಸೂಜಿ?"

ಕೊಪಿಲೊವ್ ಭೂತಗನ್ನಡಿಯನ್ನು ಒರೆಸಿದ. ಮತ್ತೊಮ್ಮೆ ಒರೆಸಿದ.

"ನಂದೇ."

"ಯಾರಿಗೆ ಮಾಡಿಕೊಟ್ಟೆ?"

"ಮಾರ್ಚ್ 26, ಭಾನುವಾರ. ಒಬ್ಬ ಬಂದ, ಕಲ್ಪಾಕ್ ಟೋಪಿ ಹುಬ್ಬಿನ ತನಕ, ಮಫ್ಲರ್ ಮೂಗಿನ ತನಕ. ಒಂದು ನಕಲಿ ತಾರೆ ಕೊಂಡ, ಸಂಖ್ಯೆ ಬರೆದ ಚೀಟಿ ಕೊಟ್ಟು ಬೆನ್ನಿಗೆ ಹಾಕಿಸ್ಕೊಂಡ. ಚೌಕಾಸೀನೇ ಮಾಡ್ಲಿಲ್ಲ. ಈ ಸಂತೇಲಿ ಚೌಕಾಸಿ ಮಾಡದವನು ಒಂದೋ ಹುಚ್ಚ, ಒಂದೋ ಕಳ್ಳ."

"ಒಂದೋ ನೀನೇ ಕಟ್ಟಿದ ಕತೆ."

"ಅಯ್ಯೋ, ನಾನು ಕದಿಯೋದಾದ್ರೆ ಆ ತಾರೇನ ಕದೀತೀನಾ? ಅದರ ಪಕ್ಕದಲ್ಲೇ ಖಾಲ್ಖಿನ್-ಗೋಲ್ ಬಿಲ್ಲೆ ಇದೆ. ಅಂಥ ಒಂದು ಬಿಲ್ಲೆಗೆ ಇಂಥ ಇಪ್ಪತ್ತು ತಾರೆ ಬರುತ್ತೆ. ಗೋಡೆ ಮೇಲೆ ಬೆರ್ದಾನ್ ಬಂದೂಕಿದೆ. ನಿಮ್ಮ ಕಳ್ಳನಿಗೆ ಬೆಲೆ ಗೊತ್ತಿಲ್ಲ, ಇಲ್ಲಾ ಬೆಲೆ ಬೇಕಾಗಿಲ್ಲ."

ಓರೋಜೊವ್ ನಂಬಲಿಲ್ಲ. ಕೊಪಿಲೊವ್‌ನ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರು. ಬಾಡಿಗೆ ಕೋಣೆ ಶೋಧಿಸಿದರು. ತಾರೆ ಸಿಗಲಿಲ್ಲ. ಆರು ಗಂಟೆಯ ಬಸ್ಸು ಅವನಿಲ್ಲದೆ ಹೋಯಿತು.

ಮೇ 2, ಮಂಗಳವಾರ, ಮಧ್ಯಾಹ್ನ 3.30. ಠಾಣೆಯಲ್ಲಿ ಚಹಾ, ಎಣ್ಣೆಯಲ್ಲಿ ಕರಿದ ಬೂರ್ಸೋಕ್ ತುಂಡು ಮುಂದಿಟ್ಟುಕೊಂಡು ಇನ್ಸ್‌ಪೆಕ್ಟರ್ ಫೋಟೋ ನೋಡುತ್ತಿದ್ದರು. ಕೊಪಿಲೊವ್ ತೆಗೆದ ಫೋಟೋದಲ್ಲಿ ತಾರೆಯ ಮುಖ ಮಾತ್ರ ಇತ್ತು. ಬೆನ್ನು ಕಂಬಳಿಗೆ ಒರಗಿತ್ತು.

"ಬೇಗಾಯಿಮ್, ಚೀಟೀಲಿ ಸಂಖ್ಯೆ ಬರೆದವನು ಆ ಸಂಖ್ಯೆ ಎಲ್ಲಿ ನೋಡಿದ?"

"ತಾರೆಯ ಬೆನ್ನಲ್ಲಿ. ಇಲ್ಲಾ ರಿಜಿಸ್ಟರಲ್ಲಿ, ಪುಸ್ತಿಕೇಲಿ."

"ಬೆನ್ನು ನೋಡಬೇಕಂದ್ರೆ ಪೆಟ್ಟಿಗೆ ತೆರೀಬೇಕು. ಮಿಕ್ಕಿದ್ದೆರಡೂ ಬೀರುವಲ್ಲಿ. ಎಲ್ಲದರ ಕೀಲಿನೂ ಒಂದೇ ಸೊಂಟದಲ್ಲಿ." ಅವರು ಚಹಾ ಪಕ್ಕಕ್ಕಿಟ್ಟರು. "ಆದ್ರೆ ಯಾಕೆ? ಬಿಲ್ಲೆಯ ಬೆಲೆ ಮೇಷ್ಟ್ರಿಗೆ ಗೊತ್ತು. ಅದನ್ನ ಬಿಟ್ಟು ತಾರೆ ಯಾಕೆ?"

ಬೇಗಾಯಿಮ್ ಬೆರಳು ಮಡಚಿ ಎಣಿಸಿದಳು.

"ಮೇಷ್ಟ್ರ ಮಗಳು ನಾಜಿರಾ ಹೆತ್ತದ್ದು ಮಾರ್ಚ್ 25ಕ್ಕೆ. ನಕಲಿ ಮಾಡಿಸಿದ್ದು ಮಾರನೇ ದಿನ. ಅವಳ ಹಿಂದಿನ ಎರಡು ಕೂಸುಗಳೂ ನಲವತ್ತು ಕಾಣಲಿಲ್ಲ ಸರ್. ಎರಡೂ ಹುಟ್ಟಿದ್ದು ತಾರೆ ಗಾಜಿನೊಳಗೆ ಹೋದ ಮೇಲೆ."

"ನಾಳೆ?"

"ನಾಳೆ ಈ ಕೂಸಿಗೆ ನಲವತ್ತು."

"ಅಪಾನ ಕರೆದಿಲ್ಲ ಅಂದ್ರಲ್ಲ. ಜಗಳಾನಾ?"

"ಜಗಳ ಇದ್ರೂ ಕರೀತಾರೆ. ಕೂಸಿನ ವಿಷಯದಲ್ಲಿ ಯಾರೂ ಜಗಳ ನೋಡಲ್ಲ. ಹಿರಿಯಳನ್ನ ಬಿಟ್ಟು ನಲವತ್ತು ಹುಯ್ಯೋದನ್ನ ನಾನು ಕಂಡೇ ಇಲ್ಲ."

ಶುಕ್ರವಾರ ಬರೆದುಕೊಳ್ಳದೆ ಬಿಟ್ಟ ಮಾತಿನ ಅರ್ಥ ಓರೋಜೊವ್‌ಗೆ ಈಗ ಹೊಳೆಯಿತು. "ಮೇಷ್ಟ್ರು ಅಪಾಗೆ ಹೆದರಿಲ್ಲ," ಎಂದರು. "ಅಪಾನ ಕಿವಿಗೆ ಹೆದರಿದ್ದಾರೆ."

ಮೇ 3, ಬುಧವಾರ, ಬೆಳಿಗ್ಗೆ 11.10. ಶೋಧನಾ ವಾರಂಟ್ ಜೇಬಿನಲ್ಲಿತ್ತು. ಪಂಚರಿಬ್ಬರು, ಬೇಗಾಯಿಮ್, ಗುರುತು ಹಿಡಿಯಲು ಸಾಯ್ರಾಕಾನ್ ಅಪಾ. ಇಶೆನಾಲಿ ಮೇಷ್ಟ್ರ ಮನೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಬಿಸಿ ಎಣ್ಣೆಯ ವಾಸನೆ, ಮುದುಕಿಯರ ನಗು. ಯಾರೋ ಬೋಗುಣಿಗೆ ಬೆಳ್ಳಿ ಹಾಕುತ್ತಿದ್ದರು. ಉಂಗುರ ಬಿತ್ತು, ನಾಣ್ಯ ಬಿತ್ತು. ಆಮೇಲೆ ಇನ್ನೊಂದು ದನಿ ಎದ್ದಿತು. ತಂಪಾಗಿ, ಉದ್ದವಾಗಿ, ಹಿಮದಡಿಯಲ್ಲಿ ಹೊಳೆ ಎಚ್ಚರವಾದ ಹಾಗೆ.

ಅಜ್ಜಿ ಇನ್ಸ್‌ಪೆಕ್ಟರ್ ತೋಳು ಹಿಡಿದರು. "ಅದೇ."

ಓರೋಜೊವ್ ಹೊಸ್ತಿಲಿಗೆ ಕಾಲಿಟ್ಟರು. ಹಿಡಿತ ಬಿಗಿಯಾಯಿತು.

"ಎಣಿಕೆ ಶುರುವಾಗಿದೆ. ಮಧ್ಯದಲ್ಲಿ ನಿಲ್ಲಿಸಬೇಡ. ನಲವತ್ತಾಗಲಿ."

ನಿಂತರು. ಒಳಗೆ ಒಂದೊಂದೇ ಚಮಚ ನೀರು ಬೀಳುತ್ತಿತ್ತು. ಹದಿನೇಳು, ಹದಿನೆಂಟು. ಕೂಸು ಕಿರುಚಿತು, ಸುಮ್ಮನಾಯಿತು. ಅಂಗಳದಲ್ಲಿ ಚಹಾದ ನೀರು ಕಾಯಿಸುವ ಸಮೊವಾರ್‌ಗೆ ಕಟ್ಟಿಗೆ ತುರುಕುತ್ತಿದ್ದ ಮೇಷ್ಟ್ರು ತಲೆಯೆತ್ತಿ ಇವರನ್ನು ಕಂಡರು. ಓಡಲಿಲ್ಲ. ಕೈಯ ಮಸಿ ಒರೆಸಿಕೊಂಡು ಬಂದು ಇನ್ಸ್‌ಪೆಕ್ಟರ್ ಪಕ್ಕದಲ್ಲಿ ನಿಂತು ತಾವೂ ಎಣಿಕೆ ಕೇಳಿದರು. ಮೂವತ್ತೊಂಬತ್ತಕ್ಕೆ ಅವರ ತುಟಿ ಅಲುಗಿತು.

ನಲವತ್ತು.

11.35ಕ್ಕೆ ದಸ್ತಗಿರಿ. ಅಂಗಳದಲ್ಲೇ ಹೇಳಿಕೆ.

"ತಾರೆ ಯಾವಾಗ ತೆಗೆದಿರಿ?"

"ಕೂಸು ಹುಟ್ಟಿದ ದಿನವೇ. ತೊಟ್ಟಿಲಿಗೆ ಕಟ್ಟಿದ್ದೆ. ನಾಳೆ ವಾಪಸ್ ಇಡುವವನಿದ್ದೆ."

"ನಂಬ್ತೀರಾ ನೀವು, ಬೆಳ್ಳಿ ನೀರನ್ನ?"

"ಇಲ್ಲ." ಮೇಷ್ಟ್ರು ಕೋಟಿನ ಗುಂಡಿ ಹಾಕಿದರು. "ಆದ್ರೆ ಮೂರನೇ ಕೂಸನ್ನ ಪಣಕ್ಕಿಟ್ಟು ನಂಬದೇ ಇರೋ ಧೈರ್ಯ ಬರಲಿಲ್ಲ."

"ಅಪಾನ ಕೇಳಬಹುದಿತ್ತಲ್ಲ?"

"ಊರ ಹೆಂಗಸರ ಮುಂದೆಲ್ಲ ಅಷ್ಟು ಮಾತಾಡಿದ ಬಾಯಿ ಇದು. ಅದೇ ಬಾಯಲ್ಲಿ ಹೇಗೆ ಕೇಳಲಿ?"

ಒಳಗಿನಿಂದ ನಾಜಿರಾ ಬಂದಳು. ಕಣ್ಣು ಕೆಂಪಗಿತ್ತು. ನೀರಿಗೆ ಬಿದ್ದ ಬೆಳ್ಳಿಯನ್ನು ಹಿರಿಯ ಹೆಂಗಸರಿಗೆ ಹಂಚುವುದು ವಾಡಿಕೆ. ಅವಳು ಯಾರನ್ನೂ ಕೇಳದೆ ತಾರೆಯನ್ನು ಸಾಯ್ರಾಕಾನ್ ಅಪಾನ ಅಂಗೈಯಲ್ಲಿಟ್ಟಳು. ಅಜ್ಜಿ ಅದನ್ನು ಒಮ್ಮೆ ಕೆನ್ನೆಗೆ ಒತ್ತಿಕೊಂಡು, ಇನ್ಸ್‌ಪೆಕ್ಟರ್ ಕಡೆ ಚಾಚಿದರು.

"ತಗೋ, ನಿನ್ನ ಕಾಗದಕ್ಕೆ ಬೇಕಲ್ಲ. ಒಂಬತ್ತನೇ ತಾರೀಖು ವಿಜಯದ ದಿನ, ಅದರೊಳಗೆ ವಾಪಸ್ ಕೊಡು. ಗಾಜಿಗಲ್ಲ, ನನ್ನ ಕೈಗೆ." ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ನೀನೊಬ್ಬ ದೊಡ್ಡ ಓದಿದವನು. ಕೂಸು ಎಲ್ಲಿ? ತೋರಿಸು, ಹರಸ್ತೀನಿ."

ಅಜ್ಜಿ ಒಳಗೆ ಹೋದರು. ಕೊಪಿಲೊವ್‌ನ ಪಾಸ್‌ಪೋರ್ಟ್ ಹಿಂತಿರುಗಿಸುವಂತೆ ಓರೋಜೊವ್ ಠಾಣೆಗೆ ಫೋನ್ ಮಾಡಿದರು. ಬೇಗಾಯಿಮ್ ಅಂಗಳದ ಕಟ್ಟೆಯ ಮೇಲೆ ಕೂತು ಪಂಚನಾಮೆ ಬರೆದಳು: ಕೆಂಪು ತಾರೆ ಪದಕ ಒಂದು, ಬೆಳ್ಳಿ, ಕೈಕೊರೆತದ ಸಂಖ್ಯೆ 318206, ಒಂದು ಮೊನೆಯ ಬಣ್ಣ ಚಕ್ಕೆ ಎದ್ದಿದೆ. ಸಹಿ ಹಾಕುವ ಮೊದಲು ಇನ್ನೊಂದು ಸಾಲು ಸೇರಿಸಿದಳು. ಓರೋಜೊವ್ ಓದಿದರು, ಹೊಡೆದುಹಾಕಲಿಲ್ಲ.

ವಶಪಡಿಸಿಕೊಂಡಾಗ ವಸ್ತು ಒದ್ದೆಯಾಗಿತ್ತು.