ನಿಂತೇ ಕಳೆದ ನಲವತ್ತು ದಿನ

"ಬ್ಯಾಗ್ ಅಲ್ಲಿಡು. ತೊಡೆ ಬಗ್ಗಿಸಿ ನಿಲ್ಲು."

ಎರಡು ದಿನ ರೈಲಿನಲ್ಲಿ ಕೂತು, ದಕ್ಷಿಣ ಚೀನಾದ ಶಿಯಾಮೆನ್‌ನಿಂದ ಉತ್ತರದ ಹೆಬೈಯ ಈ ಹಳ್ಳಿಗೆ ಕುಂಗ್‌ಫು ಕಲಿಯಲು ಬಂದ ಶೂಯಿಗೆ ಸಿಕ್ಕ ಸ್ವಾಗತ ಇಷ್ಟೇ!

ಹೇಳಿದವನು ಬೋಲಿನ್, ಗೆಂಗ್ ಗುರುಗಳ ಮೊಮ್ಮಗ. ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಆದರೆ ಆ ಕಣ್ಣು... ಅವಳು ಸರಕ್ಕನೆ ನೋಟ ತಪ್ಪಿಸಿದಳು.

ಕುದುರೆ ಮೇಲೆ ಕೂತ ಹಾಗೆ ತೊಡೆ ಬಗ್ಗಿಸಿ ನಿಲ್ಲಬೇಕು. ಮೊದಲ ದಿನ ಅದೇ. ಹತ್ತನೇ ದಿನವೂ ಅದೇ. ಜೊತೆಯವರೆಲ್ಲ ಗೆಂಗ್ ಮನೆತನದ ವರಸೆ ಕಲಿಯುತ್ತಿದ್ದರೆ, ಇವಳು ಗೋಡೆ ಪಕ್ಕ ಕಂಬದಂತೆ ನಿಂತಿರಬೇಕು!

"ನನಗೆ ಎರಡೇ ತಿಂಗಳು ಟೈಮಿರೋದು. ಕಾಲೇಜಿಗೆ ವಾಪಸ್ ಹೋಗಿ ಪೂರ್ತಿ ವರಸೆ ಆಡಿ ತೋರಿಸಬೇಕು. ಇಲ್ಲಾಂದ್ರೆ ಫೇಲು!"

"ಬೆನ್ನು ನೆಟ್ಟಗಿರಲಿ."

"ನಿಮಗೇ ವರಸೆ ಬರಲ್ಲ ಅನ್ಸುತ್ತೆ. ಒಂದಿನಾನೂ ಆಡಿದ್ದು ನೋಡಿಲ್ಲ!"

ಬೋಲಿನ್ ಮುಖ ಕಪ್ಪಿಟ್ಟಿತು. ತಿರುಗಿ ಹೊರಟುಹೋದ.

ಆದರೂ ಮಧ್ಯಾಹ್ನ ಅವಳ ಬಟ್ಟಲಲ್ಲಿ ಮಾತ್ರ ನೂಡಲ್ಸ್ ಕೆಳಗೆ ಒಂದು ಮೊಟ್ಟೆ ಅಡಗಿರುತ್ತಿತ್ತು. 'ಇವನೇ ಇಡೋದು. ಹಾಗಿದ್ರೆ ಯಾಕಿಷ್ಟು ಸತಾಯಿಸ್ತಾನೆ?'

ನಲವತ್ತನೇ ದಿನದ ಸಂಜೆ ಅಡುಗೆಮನೆಯಿಂದ ಅವನ ದನಿ ಕೇಳಿಸಿತು.

"ತಾತ, ಅವಳಿಗೆ ಆ ವರಸೆ ಕಲಿಸ್ಬೇಡ. ಕೈ ಮುಗೀತೀನಿ."

ಮುಂದಿನದ್ದು ಕೇಳಲು ಅವಳು ನಿಲ್ಲಲಿಲ್ಲ. ಕಣ್ಣೀರು ಉಕ್ಕಿತು. ನೋವಿಗಿಂತ ಹೆಚ್ಚಾಗಿ ರೋಷಕ್ಕೆ!

ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಬೋಲಿನ್ ಓಡಿ ಬಂದ. ಓಟವೇನು ಬಂತು, ಬಲಗಾಲು ಎಳೆಯುತ್ತಿತ್ತು. ನಡೆಯುವಾಗ ಅದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ಹೇಳದೆ ಹೊರಟ್ಯಾ?"

"ಕಲಿಸ್ಬೇಡ ಅಂದೋನು ನೀನೇ ತಾನೆ! ನಾನೇನು ಮಾಡಿದ್ದೆ ನಿನಗೆ?"

"ನಿನ್ನ ಎಡ ಮೊಣಕಾಲು..." ಅವನು ಏದುಸಿರು ಬಿಟ್ಟ. "ಬಂದ ದಿನಾನೇ ಗೊತ್ತಾಯ್ತು. ಅದರ ಮೇಲೆ ಭಾರಾನೇ ಹಾಕ್ತಿರಲಿಲ್ಲ ನೀನು."

ಶೂಯಿ ದಂಗಾದಳು. ಹೋದ ವರ್ಷ ಸ್ಪರ್ಧೆಯಲ್ಲಿ ಮೊಣಕಾಲಿಗೆ ಏಟು ಬಿದ್ದದ್ದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ.

"ಆ ವರಸೇಲಿ ಏಳು ಸಲ ಹಾರ್ಬೇಕು. ನಾನೂ ಹತ್ತೊಂಬತ್ತನೇ ವಯಸ್ಸಲ್ಲಿ ನೋವು ಮುಚ್ಚಿಟ್ಟು ಹಾರಿದ್ದೆ. ಈಗ ನೋಡು... ಓಡೋಕೇ ಆಗಲ್ಲ. ಮೊದಲು ನಿನ್ನ ಕಾಲು ಗಟ್ಟಿಯಾಗ್ಲಿ ಅಂತ ನಿಲ್ಲಿಸಿದ್ದು."

"ಮತ್ತೆ ನಿನ್ನೆ?"

"ಆ ವರಸೆ ಬೇಡ, ಮುತ್ತಜ್ಜಿ ವರಸೆ ಕಲಿಸು ಅಂದೆ. ಆ ಕಾಲದ ಹೆಣ್ಣುಮಕ್ಕಳ ಹಾಗೆ ಅವ್ರಿಗೂ ಚಿಕ್ಕಂದಿನಲ್ಲೇ ಪಾದ ಬೆಳೀಬಾರದು ಅಂತ ಬಿಗಿದು ಕಟ್ಟಿಬಿಟ್ಟಿದ್ರು. ಅದಕ್ಕೆ ಹಾರದೇ ಆಡೋ ವರಸೆನ ಅವ್ರೇ ರೂಪಿಸಿದ್ರು. ಅದೂ ಪೂರ್ತಿ ವರಸೆನೇ. ತಾತ ಇವತ್ತಿಂದ ಶುರು ಮಾಡೋಣ ಅಂದಿದ್ದಾರೆ."

"ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು? ನಲವತ್ತು ದಿನ ಬೋಲಿನ್! ದಿನಾ ಅತ್ತಿದ್ದೀನಿ!"

ಅವನು ತಲೆ ತಗ್ಗಿಸಿದ.

"ಈ ಕಾಲಲ್ಲಿ ವರಸೆ ಆಗಲ್ಲ ಅಂದಿದ್ರೆ ನೀನು ಅವತ್ತೇ ಹೊರಟುಹೋಗ್ತಿದ್ದೆ. ನನಗೆ... ನೀನು ಹೋಗೋದು ಬೇಡವಾಗಿತ್ತು. ತಪ್ಪು ನಂದೇ."

ಅಂಥ ಗಟ್ಟಿ ಮನುಷ್ಯನ ದನಿ ನಡುಗಿತು. ಶೂಯಿಯ ಮನಸ್ಸು ಕರಗಿತು. ಸಿಟ್ಟು ಮಾತ್ರ ಇಳಿಯಲಿಲ್ಲ!

ಬಸ್ಸು ಬಂದು ನಿಂತಿತು. ಡ್ರೈವರ್ ಹಾರ್ನ್ ಬಾರಿಸಿದ. "ಹತ್ತುತ್ತೀಯೇನಮ್ಮಾ?"

"ಇಲ್ಲ, ನೀವು ಹೊರಡಿ. ಇವನಿಗೆ ಬಯ್ಯೋದು ಇನ್ನೂ ಮುಗಿದಿಲ್ಲ."

ಬಸ್ಸು ಧೂಳೆಬ್ಬಿಸಿ ಹೋಯಿತು. ಬೋಲಿನ್ ಮೆಲ್ಲಗೆ ಅವಳ ಬ್ಯಾಗ್ ಎತ್ತಿಕೊಂಡ.

"ಬಯ್ಯೋಕೆ ಎಷ್ಟು ದಿನ ಬೇಕಾಗುತ್ತೆ?"

ಶೂಯಿ ಕಣ್ಣೊರೆಸಿಕೊಂಡು ಅವನ ತೋಳು ಹಿಡಿದಳು.

"ಅವಸರ ಏನು? ನಿಧಾನಕ್ಕೆ ಬಯ್ತೀನಿ... ಜೀವನ ಪೂರ್ತಿ ಇದೆಯಲ್ಲ."